ಕರೆಂಟಿಗಿಂತ ಮೊದಲೇ ಬಂದ ರೈಲು: ಜಪಾನಿನ 101 ಸರಣಿಯ ಕಥೆ

ಎಲ್ಲರಿಗೂ ನಮಸ್ಕಾರ. ಈ ಟ್ರೈನಿನ ಬಗ್ಗೆ ಒಂದು ಸಭೆಯಲ್ಲಿ ಆಡಿದ ಮಾತನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ. ಕೊನೆಯಲ್ಲಿ ಕೇಳುಗರ ಕೆಲವು ಪ್ರಶ್ನೆಗಳೂ ಇವೆ.

ಜಪಾನಿನ ರೈಲು ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಶಿಂಕಾನ್‌ಸೆನ್, ಅಂದರೆ ಬುಲೆಟ್ ಟ್ರೈನು. ನಾನು ಹೇಳಹೊರಟಿರುವುದು ಅದಕ್ಕಿಂತ ಏಳು ವರ್ಷ ಮೊದಲು ಹುಟ್ಟಿದ ಒಂದು ಲೋಕಲ್ ಟ್ರೈನಿನ ಕಥೆ. ಬೆಳಿಗ್ಗೆ ಆಫೀಸಿಗೆ, ಸಂಜೆ ಮನೆಗೆ ಜನರನ್ನು ತುಂಬಿಕೊಂಡು ಓಡಾಡಿದ ಟ್ರೈನು. ಹೆಸರು 101 ಸರಣಿ. 1957ರಲ್ಲಿ ಟೋಕಿಯೊದ ಚೂಓ ಲೈನಿಗೆ ಬಂತು. 1969ರ ವರೆಗೆ ಒಟ್ಟು 1,535 ಬೋಗಿಗಳು ತಯಾರಾದವು. ಇವತ್ತು ಒಂದೂ ಓಡುತ್ತಿಲ್ಲ.

ಈ ಟ್ರೈನಿನ ಬಗ್ಗೆ ಸಾಮಾನ್ಯವಾಗಿ ಹೇಳುವುದು ಹೀಗೆ: ಯೋಚನೆ ದೊಡ್ಡದಿತ್ತು, ಆದರೆ ಕೈಗೂಡಲಿಲ್ಲ, ಅದಕ್ಕೇ ಅದರ ಜಾಗಕ್ಕೆ 103 ಸರಣಿ ಬಂತು. ಮಾತು ಸುಳ್ಳಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಈ ಟ್ರೈನಿಗೆ ಅನ್ಯಾಯ ಮಾಡಿದ ಹಾಗೆ ಅಂತ ನನಗೆ ಅನ್ನಿಸುತ್ತದೆ. ಟ್ರೈನು ಸೋಲಲಿಲ್ಲ. ಅದಕ್ಕೆ ಬೇಕಾದಷ್ಟು ಕರೆಂಟ್ ಆ ಲೈನಿನಲ್ಲಿ ಇರಲಿಲ್ಲ. ಈ ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಕಥೆ ಶುರುವಾಗಬೇಕಾದ್ದು 1951ರಿಂದ. ಅದು ನೋವಿನ ಕಥೆ. ಏಪ್ರಿಲ್ 24, ಯೊಕೊಹಾಮಾದ ಸಾಕುರಾಗಿಚೋ ಸ್ಟೇಷನ್. ಮೇಲಿನ ತಂತಿಯ ರಿಪೇರಿ ನಡೆಯುತ್ತಿತ್ತು. ಕೆಲಸಗಾರರೊಬ್ಬರ ಕೈಯಿಂದ ಸ್ಪ್ಯಾನರ್ ಜಾರಿತು, ತಂತಿ ಜೋತುಬಿತ್ತು. ಅದೇ ಹೊತ್ತಿಗೆ ಒಳಗೆ ಬಂದ ಟ್ರೈನಿನ ಪ್ಯಾಂಟೋಗ್ರಾಫ್, ಅಂದರೆ ತಂತಿಯಿಂದ ಕರೆಂಟ್ ಎಳೆದುಕೊಳ್ಳುವ ಚಾವಣಿಯ ಮೇಲಿನ ಚೌಕಟ್ಟು, ಆ ತಂತಿಗೆ ಸಿಕ್ಕಿಕೊಂಡಿತು, ಬೆಂಕಿ ಹೊತ್ತಿತು. 106 ಜನ ಸತ್ತರು.

ಅಷ್ಟು ಜನ ಯಾಕೆ ಸತ್ತರು ಅಂತ ನೋಡಬೇಕು. ಟ್ರೈನು 63 ಸರಣಿಯದು. ಯುದ್ಧದ ಕೊನೆಯ ವರ್ಷಗಳಲ್ಲಿ, ಸಾಮಾನು ಸಿಗದ ಕಾಲದಲ್ಲಿ, ಹೇಗಾದರೂ ಜನರನ್ನು ಸಾಗಿಸಿದರೆ ಸಾಕು ಅಂತ ರೂಪಿಸಿದ್ದು. ದೊಡ್ಡ ಗಾಜು ಸಿಗುತ್ತಿರಲಿಲ್ಲ. ಹಾಗಾಗಿ ಕಿಟಕಿಯನ್ನು ಮೂರು ತುಂಡು ಮಾಡಿ, ನಡುವಿನದನ್ನು ತೆರೆಯಲಾಗದಂತೆ ಕೂರಿಸಿದ್ದರು. ಮೇಲಿನ, ಕೆಳಗಿನ ಸಂದಿಯಲ್ಲಿ ದೊಡ್ಡವರು ನುಸುಳುವುದು ಕಷ್ಟ. ಒಂದು ಬೋಗಿಯಿಂದ ಇನ್ನೊಂದಕ್ಕೆ ದಾಟಲು ದಾರಿ ಇರಲಿಲ್ಲ. ಬಾಗಿಲನ್ನು ಕೈಯಿಂದ ತೆರೆಯಲು ತಿರುಗಿಸಬೇಕಾದ ಕಾಕ್ (ನಲ್ಲಿಯಂಥ ಹಿಡಿ) ಎಲ್ಲಿದೆ ಅಂತ ಪ್ರಯಾಣಿಕರಿಗೆ ಗೊತ್ತಿರಲಿಲ್ಲ. ಒಳಗಿದ್ದವರು ಒಳಗೇ ಉಳಿದರು.

ಆ ದುರಂತದ ನಂತರ ರಾಷ್ಟ್ರೀಯ ರೈಲ್ವೆಯ ವಾಹನ ವಿಭಾಗದ ಮುಖ್ಯಸ್ಥರಾಗಿದ್ದ ಶಿಮಾ ಹಿದೇಓ ರಾಜೀನಾಮೆ ಕೊಟ್ಟು ಹೊರಗೆ ಹೋದರು. ಈ ಹೆಸರನ್ನು ನೆನಪಿಡಿ, ಮತ್ತೆ ಬರುತ್ತದೆ. ಹಳೆಯ ಬೋಗಿಗಳಿಗೆ ನಡುವೆ ದಾಟುವ ದಾರಿ ಮಾಡಿದರು, ಕಿಟಕಿ ಬದಲಾಯಿಸಿದರು, ತುರ್ತು ಕಾಕ್ ಎಲ್ಲಿದೆ ಅಂತ ಎದ್ದು ಕಾಣುವಂತೆ ಬರೆದರು. ಇವತ್ತಿಗೂ ಜಪಾನಿನ ಟ್ರೈನುಗಳಲ್ಲಿ ಬಾಗಿಲಿನ ಹತ್ತಿರ ಆ ಬರಹ ಇರುತ್ತದೆ.

1955ರಲ್ಲಿ ಸೊಗೋ ಶಿಂಜಿ ರೈಲ್ವೆಯ ಅಧ್ಯಕ್ಷರಾದರು. ಅವರೇ ಶಿಮಾ ಅವರನ್ನು ಒತ್ತಾಯ ಮಾಡಿ ವಾಪಸ್ ಕರೆತಂದು ಮುಖ್ಯ ಎಂಜಿನಿಯರ್ ಮಾಡಿದರು. ಶಿಮಾ ಅವರಿಗೆ ಒಂದು ವಿಚಾರದಲ್ಲಿ ಬಲವಾದ ನಂಬಿಕೆ ಇತ್ತು. ಮುಂದೆ ಒಂದು ಭಾರೀ ಎಂಜಿನ್ ಕಟ್ಟಿ ಹಿಂದಿನ ಬೋಗಿಗಳನ್ನು ಎಳೆಯುವುದಕ್ಕಿಂತ, ಬೋಗಿಗಳ ಕೆಳಗೇ ಮೋಟಾರ್ ಹಂಚಿ ಕೂರಿಸುವುದು ಒಳ್ಳೆಯದು ಅಂತ. ಜಪಾನಿನ ಹಳಿಯ ಅಗಲ 1,067 ಮಿ.ಮೀ. ನಮ್ಮ ಮೈಸೂರು ಕಡೆ ಓಡುತ್ತಿದ್ದ ಮೀಟರ್ ಗೇಜಿಗಿಂತ 67 ಮಿ.ಮೀ. ಮಾತ್ರ ಜಾಸ್ತಿ. ನೆಲ ಮೆತ್ತಗೆ, ಸೇತುವೆ ಜಾಸ್ತಿ, ತಿರುವು ಜಾಸ್ತಿ. ಅಂಥ ಹಳಿಯ ಮೇಲೆ ಭಾರವನ್ನು ಒಂದೇ ಕಡೆ ಹೇರುವುದಕ್ಕಿಂತ ಹಂಚುವುದೇ ಸರಿ ಅಲ್ವಾ?

ಆದರೆ ಹಂಚಬೇಕಾದರೆ ಮೋಟಾರ್ ಚಿಕ್ಕದಾಗಬೇಕು. ಹಳೆಯ ಲೋಕಲ್ ಟ್ರೈನುಗಳಲ್ಲಿ ಮೋಟಾರಿನ ಅರ್ಧ ಭಾರ ನೇರವಾಗಿ ಚಕ್ರದ ಆಕ್ಸಲ್ ಮೇಲೇ ಕೂರುತ್ತಿತ್ತು. ಹಳಿಯ ಪ್ರತಿ ಜೋಡಣೆಯ ಪೆಟ್ಟು ಮೋಟಾರಿಗೆ ನೇರವಾಗಿ ತಾಗುತ್ತಿತ್ತು. ಆ ಪೆಟ್ಟು ತಡೆಯಲು ಮೋಟಾರನ್ನು ದಪ್ಪಗೆ, ಭಾರವಾಗಿ, ನಿಧಾನಕ್ಕೆ ತಿರುಗುವಂತೆ ಮಾಡಬೇಕಿತ್ತು. 1950ರ ದಶಕದ ಮೊದಲಲ್ಲಿ ಜಪಾನಿನ ಖಾಸಗಿ ರೈಲ್ವೆಗಳು ಮತ್ತು ಟೋಕಿಯೊದ ಸಬ್‌ವೇ ಹೊಸ ದಾರಿ ಹಿಡಿದವು. ಅದಕ್ಕೆ ಕಾರ್ಡನ್ ಡ್ರೈವ್ ಅನ್ನುತ್ತಾರೆ. ಮೋಟಾರಿನ ಪೂರ್ತಿ ಭಾರ ಸ್ಪ್ರಿಂಗಿನ ಮೇಲಿರುವ ಚೌಕಟ್ಟಿಗೆ ಹೋಗುತ್ತದೆ. ಮೋಟಾರಿಗೂ ಚಕ್ರದ ಗೇರಿಗೂ ನಡುವೆ ಬಾಗಿ ಬಳುಕಬಲ್ಲ ಜೋಡಣೆ ಇರುತ್ತದೆ. ಪೆಟ್ಟು ಮೋಟಾರಿನ ವರೆಗೆ ಬರುವುದೇ ಇಲ್ಲ. ಆಗ ಮೋಟಾರ್ ಹಗುರವಾಗಿ, ಜೋರಾಗಿ ತಿರುಗುವಂತೆ ಮಾಡಬಹುದು. ರಾಷ್ಟ್ರೀಯ ರೈಲ್ವೆ ಈ ವಿಷಯದಲ್ಲಿ ತಡವಾಗಿ ಬಂತು. ಬಂದಮೇಲೆ ಮಾತ್ರ ಪೂರ್ತಿಯಾಗಿ ಬಂತು.

1957ರ ಜೂನಿನಲ್ಲಿ 10 ಬೋಗಿಯ ಮಾದರಿ ಟ್ರೈನು ಹೊರಬಂತು. ಆಗ ಅದರ ಹೆಸರು ಮೋಹಾ 90. 1959ರಲ್ಲಿ ನಂಬರ್ ಪದ್ಧತಿ ಬದಲಾದಾಗ 101 ಆಯಿತು. ಹತ್ತಕ್ಕೆ ಹತ್ತೂ ಬೋಗಿಗೂ ಮೋಟಾರ್! ಹಳೆಯ ಟ್ರೈನಿನ ಮೋಟಾರ್ 142 ಕಿಲೋವ್ಯಾಟ್ ಇದ್ದರೆ ಇದರದು 100 ಕಿಲೋವ್ಯಾಟ್. ಒಂದೊಂದು ಚಿಕ್ಕದು, ಆದರೆ ಬೋಗಿಗೆ ನಾಲ್ಕರಂತೆ ಒಟ್ಟು 40.

ಇಲ್ಲಿ ಒಂದು ಜಾಣತನ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್ಲ ಬೋಗಿಗೂ ಮೋಟಾರ್ ಹಾಕಿದರೆ ಎಲ್ಲ ಬೋಗಿಗೂ ಕಂಟ್ರೋಲರ್, ಕಂಪ್ರೆಸರ್, ಪ್ಯಾಂಟೋಗ್ರಾಫ್ ಬೇಕಾಗುತ್ತದೆ. ಖರ್ಚೂ ಭಾರವೂ ಏರುತ್ತದೆ. ಅದಕ್ಕೇ ಎರಡೆರಡು ಬೋಗಿಗಳನ್ನು ಜೋಡಿ ಮಾಡಿದರು. ಒಂದರಲ್ಲಿ ಪ್ಯಾಂಟೋಗ್ರಾಫ್ ಮತ್ತು ಕಂಟ್ರೋಲರ್. ಇನ್ನೊಂದರಲ್ಲಿ ದೀಪ, ಫ್ಯಾನುಗಳಿಗೆ ಕರೆಂಟ್ ಕೊಡುವ ಜನರೇಟರ್ ಮತ್ತು ಬ್ರೇಕಿಗೆ ಗಾಳಿ ಕೊಡುವ ಕಂಪ್ರೆಸರ್. ಒಂದೇ ಕಂಟ್ರೋಲರ್ ಎರಡೂ ಬೋಗಿಯ ಎಂಟು ಮೋಟಾರುಗಳನ್ನು ನಡೆಸುತ್ತದೆ. ಮೇಲಿನ ತಂತಿಯಲ್ಲಿ 1,500 ವೋಲ್ಟ್ ಡಿ.ಸಿ. ಪ್ರತಿ ಮೋಟಾರ್ 375 ವೋಲ್ಟಿನದು. ಹೊರಡುವಾಗ ಎಂಟನ್ನೂ ಒಂದರ ಹಿಂದೊಂದು ಸಾಲಾಗಿ ಜೋಡಿಸುತ್ತದೆ. ವೇಗ ಬಂದಮೇಲೆ ನಾಲ್ಕು ನಾಲ್ಕರ ಎರಡು ಸಾಲು ಮಾಡುತ್ತದೆ. 375ರ ನಾಲ್ಕು ಪಟ್ಟು 1,500. ಲೆಕ್ಕ ಸರಿಹೋಯಿತು ನೋಡಿ. ಜಪಾನಿನ ನೂರಾರು ಟ್ರೈನುಗಳು ಮುಂದೆ ಇದೇ ಜೋಡಿ ಪದ್ಧತಿಯಲ್ಲಿ ಬಂದವು.

ಇನ್ನು ಬಾಗಿಲು. ಹಳೆಯ ಟ್ರೈನಿನಲ್ಲಿ ಒಂದೇ ಹಲಗೆಯ, ಸುಮಾರು 1 ಮೀಟರ್ ಅಗಲದ ಬಾಗಿಲು. ಇದರಲ್ಲಿ ಎರಡು ಹಲಗೆಯ, 1.3 ಮೀಟರ್ ಬಾಗಿಲು. ಒಂದು ಪಕ್ಕಕ್ಕೆ ನಾಲ್ಕು ಬಾಗಿಲು ಅಂದರೆ ನಾಲ್ಕರಿಂದ 1.2 ಮೀಟರ್ ಹೆಚ್ಚು ಸಿಕ್ಕಿತು. ಪ್ರತಿ ಬೋಗಿಗೂ ಇನ್ನೊಂದು ಬಾಗಿಲೇ ಸೇರಿದ ಲೆಕ್ಕ. ಎರಡು ಹಲಗೆ ಆದ್ದರಿಂದ ಪ್ರತಿಯೊಂದೂ 65 ಸೆಂ.ಮೀ. ಮಾತ್ರ ಸರಿದರೆ ಸಾಕು, ಬೇಗ ಮುಚ್ಚಿಕೊಳ್ಳುತ್ತದೆ. ಆ ಕಾಲದ ಚೂಓ ಲೈನಿನಲ್ಲಿ ಬೆಳಿಗ್ಗೆ ಹೊತ್ತು ಸುಮಾರು ಎರಡು ನಿಮಿಷಕ್ಕೊಂದು ಟ್ರೈನು. ಶಿಂಜುಕು ಸ್ಟೇಷನ್ನಿನಲ್ಲಿ ಜನರನ್ನು ಒಳಗೆ ತಳ್ಳಲು ಪಾರ್ಟ್‌ಟೈಮ್ ವಿದ್ಯಾರ್ಥಿಗಳನ್ನು ಇಟ್ಟಿದ್ದ ಕಾಲ. ಚಳಿಗಾಲ ಬಂದರೆ ಎಲ್ಲರೂ ದಪ್ಪ ಕೋಟು ಹಾಕಿಕೊಂಡು ಬರುತ್ತಾರೆ, ಅದೇ ಬೋಗಿ, ಅಷ್ಟೇ ಜನ, ಆದರೂ ಬಾಗಿಲು ಮುಚ್ಚುವುದಿಲ್ಲ! ಅಂಥ ಲೈನಿನಲ್ಲಿ ಪ್ರತಿ ಸ್ಟೇಷನ್ನಿನಲ್ಲಿ ಐದು ಸೆಕೆಂಡ್ ಉಳಿದರೂ ಅದು ದೊಡ್ಡ ಲಾಭ.

ಬಣ್ಣದ ವಿಷಯ ಹೇಳದೆ ಮುಂದೆ ಹೋಗಲಾರೆ. ಅಲ್ಲಿಯ ತನಕ ಲೋಕಲ್ ಟ್ರೈನುಗಳೆಲ್ಲ ಕಡು ಕಂದು. 101 ಮೈತುಂಬ ಕಿತ್ತಳೆ ಬಣ್ಣದಲ್ಲಿ ಬಂತು. 1961ರಲ್ಲಿ ಟೋಕಿಯೊ ಸುತ್ತುವ ಯಾಮಾನೊತೆ ಲೈನಿಗೆ ಇದೇ ಟ್ರೈನನ್ನು ಹಳದಿ ಬಣ್ಣದಲ್ಲಿ ಕೊಟ್ಟರು. ಆಮೇಲೆ ಯಾಮಾನೊತೆಗೆ ಹಸಿರು ಬಣ್ಣದ 103 ಬಂದಾಗ, ಹಳದಿ ಟ್ರೈನುಗಳನ್ನು ಸೋಬು ಲೈನಿಗೆ ಕಳಿಸಿದರು. ಸೋಬು ಲೈನಿನ ಬಣ್ಣ ಹಳದಿ ಆದದ್ದು ಹೀಗೆ. ಈಗಿನ ಸ್ಟೀಲ್ ಬೋಗಿಗಳ ಮೇಲೂ ಚೂಓ ಅಂದರೆ ಕಿತ್ತಳೆ ಪಟ್ಟಿ, ಸೋಬು ಅಂದರೆ ಹಳದಿ ಪಟ್ಟಿ. ಟ್ರೈನು ಹೋದರೂ ಬಣ್ಣ ಉಳಿಯಿತು. ಓದಲು ಬಾರದ ಮಗುವೂ, ಊರಿಗೆ ಹೊಸಬರೂ ಬಣ್ಣ ನೋಡಿ ಹತ್ತಬಹುದು. ನಮ್ಮ ಮೆಟ್ರೊದಲ್ಲಿ ನಾವು ನೇರಳೆ, ಹಸಿರು ಅಂತ ಲೈನುಗಳನ್ನು ಕರೆಯುತ್ತೇವಲ್ಲ, ಅದರ ಉಪಯೋಗ ನಮಗೆ ಗೊತ್ತೇ ಇದೆ.

ಸರಿ, ಇಷ್ಟೆಲ್ಲ ಇದ್ದೂ ತೊಂದರೆ ಎಲ್ಲಿ ಬಂತು?

ಲೆಕ್ಕ ಹಾಕೋಣ. 40 ಮೋಟಾರ್, ಒಂದಕ್ಕೆ 100 ಕಿಲೋವ್ಯಾಟ್, ಒಟ್ಟು 4,000 ಕಿಲೋವ್ಯಾಟ್. 1,500 ವೋಲ್ಟಿನಲ್ಲಿ ಅಷ್ಟು ಶಕ್ತಿ ಬೇಕಾದರೆ ಸುಮಾರು 2,700 ಆಂಪಿಯರ್ ಕರೆಂಟ್. ಜೋರಾಗಿ ವೇಗ ಏರಿಸುವ ಹೊತ್ತಿಗೆ ಇನ್ನೂ ಜಾಸ್ತಿ. ಅದು ಒಂದು ಟ್ರೈನಿಗೆ. ಹಿಂದೆ ಎರಡು ನಿಮಿಷಕ್ಕೆ ಇನ್ನೊಂದು, ಎದುರು ಹಳಿಯಲ್ಲಿ ಮತ್ತೊಂದು. ಹಳ್ಳಿಯಲ್ಲಿ ತ್ರೀಫೇಸ್ ಬಂದ ಕೂಡಲೇ ಎಲ್ಲರ ಪಂಪ್‌ಸೆಟ್ಟೂ ಒಟ್ಟಿಗೆ ಚಾಲೂ ಆದರೆ ಟಿ.ಸಿ. ಗತಿ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ಲ, ಹಾಗೆಯೇ ಇದು. ಸಬ್‌ಸ್ಟೇಷನ್ನುಗಳು ಅಷ್ಟನ್ನು ಕೊಡುವಂತಿರಲಿಲ್ಲ. ಚಾಲಕ ಪೂರ್ತಿ ವೇಗೋತ್ಕರ್ಷ ತೆಗೆದುಕೊಳ್ಳದಂತೆ ಕರೆಂಟಿಗೆ ಮಿತಿ ಹಾಕಬೇಕಾಯಿತು. ಅಂದರೆ 40 ಮೋಟಾರ್ ಹೊತ್ತು ತಿರುಗುವುದು, ಆದರೆ ಅವುಗಳ ಪೂರ್ತಿ ಬಲ ಬಳಸುವ ಹಾಗಿಲ್ಲ.

ಹಾಗಾದರೆ ಮೋಟಾರ್ ಯಾಕೆ ಹೊರಬೇಕು? ಬಹಳ ಬೇಗ ನಡುನಡುವೆ ಮೋಟಾರ್ ಇಲ್ಲದ ಬೋಗಿ ಸೇರಿಸಲು ಶುರು ಮಾಡಿದರು. ಅದರಲ್ಲೂ ಕೆಲವು ಬೋಗಿಗಳನ್ನು, ಮುಂದೆ ಸಬ್‌ಸ್ಟೇಷನ್ ಬಲವಾದಾಗ ಮೋಟಾರ್ ಕೂರಿಸೋಣ ಅಂತ ಅದಕ್ಕೆ ಬೇಕಾದ ಏರ್ಪಾಡನ್ನು ಉಳಿಸಿಕೊಂಡೇ ಕಟ್ಟಿದರು. ಈ ವಿವರ ನನಗೆ ಬಹಳ ಇಷ್ಟ. ಕಟ್ಟಿದವರು ಆಸೆ ಬಿಟ್ಟಿರಲಿಲ್ಲ.

ಆದರೆ ಮೋಟಾರ್ ಇಲ್ಲದ ಬೋಗಿ ಸೇರಿದಂತೆ ಇನ್ನೊಂದು ಕಷ್ಟ ಎದ್ದಿತು. ಈ ಮೋಟಾರನ್ನು ರೂಪಿಸಿದ್ದು ತನ್ನ ಬೋಗಿಯ ಭಾರ ತಾನು ಎಳೆಯಲಿ ಅಂತ. ಪಕ್ಕದ ಬೋಗಿಯ ಭಾರವನ್ನೂ ಹೇರಿದರೆ ಅದು ಬಿಸಿಯಾಗುತ್ತದೆ. ಇದರ ಬ್ರೇಕೂ ಮೋಟಾರನ್ನೇ ಬಳಸುವ ವಿದ್ಯುತ್ ಬ್ರೇಕ್. ಹೊರಡುವಾಗಲೂ ಬಿಸಿ, ನಿಲ್ಲುವಾಗಲೂ ಬಿಸಿ, ನಡುವೆ ಆರಲು ಪುರುಸೊತ್ತಿಲ್ಲ. ಯಾಮಾನೊತೆ ಲೈನಿನಲ್ಲಂತೂ 34.5 ಕಿ.ಮೀ. ಸುತ್ತು, ಸ್ಟೇಷನ್ನಿಂದ ಸ್ಟೇಷನ್ನಿಗೆ ಸರಾಸರಿ 1.2 ಕಿ.ಮೀ. ಮಾತ್ರ. ಹಾಗಾಗಿ ಮೋಟಾರ್ ಇಲ್ಲದ ಬೋಗಿಗಳನ್ನು ಬೇಕಾದಷ್ಟು ಸೇರಿಸಲೂ ಆಗಲಿಲ್ಲ.

ಕೊನೆಗೆ 1963ರಲ್ಲಿ 103 ಸರಣಿ ಬಂತು. ನೋಡಲು ತಮ್ಮನ ಹಾಗೆ. ಮೋಟಾರ್ 110 ಕಿಲೋವ್ಯಾಟಿನದು. ಗೇರ್ ಅನುಪಾತ 5.60ರಿಂದ 6.07ಕ್ಕೆ ಏರಿತು. ಹೆಚ್ಚು ವೇಗ ಬೇಡ, ಪದೇಪದೇ ನಿಂತು ಹೊರಡುವುದು ಸಲೀಸಾಗಲಿ, ಅರ್ಧದಷ್ಟು ಬೋಗಿಗಳಿಗೆ ಮೋಟಾರ್ ಇದ್ದರೆ ಸಾಕು ಅನ್ನುವ ವಿನ್ಯಾಸ. ಒಟ್ಟು 3,447 ಬೋಗಿ ಕಟ್ಟಿದರು. ಅಂದಿನ ತುರ್ತಿಗೆ 103 ಸರಿಯಾದ ಉತ್ತರ, ಅದರಲ್ಲಿ ಅನುಮಾನ ಇಲ್ಲ. ಜನ ಕಾಯುತ್ತಿದ್ದರು, ಹಣ ಮಿತಿಯಲ್ಲಿತ್ತು.

ಆದರೆ ಅಷ್ಟರಲ್ಲಿ 101ರ ಮೋಟಾರ್ ಬೇರೆ ಕಡೆ ಹೊರಟುಹೋಗಿತ್ತು. 1957ರ ಶರತ್ಕಾಲದಲ್ಲಿ ಮಾದರಿ ಟ್ರೈನನ್ನು ಟೋಕಿಯೊದಿಂದ ಒಸಾಕಾ ಕಡೆಗೆ ಹೋಗುವ ಟೊಕಾಯ್ದೊ ಲೈನಿಗೆ ಒಯ್ದು ಓಡಿಸಿ ನೋಡಿದರು. ಲೋಕಲ್ ಟ್ರೈನು, ಗಂಟೆಗೆ 135 ಕಿ.ಮೀ. ವೇಗ ಮುಟ್ಟಿತು. ಬೋಗಿ ಕೆಳಗೆ ಮೋಟಾರ್ ಇದ್ದರೆ ಸದ್ದು, ನಡುಕ ಜಾಸ್ತಿ, ದೂರದ ಪ್ರಯಾಣಕ್ಕೆ ಆಗಿಬರುವುದಿಲ್ಲ ಅನ್ನುತ್ತಿದ್ದವರಿಗೆ ಉತ್ತರ ಸಿಕ್ಕಿತು. ಮರುವರ್ಷ, 1958ರ ನವೆಂಬರ್ 1ರಂದು ಟೋಕಿಯೊ-ಒಸಾಕಾ ನಡುವೆ ಕೊದಾಮಾ ಎಕ್ಸ್‌ಪ್ರೆಸ್ ಹೊರಟಿತು. 6 ಗಂಟೆ 50 ನಿಮಿಷದ ಪ್ರಯಾಣ. ಸೀಟು, ಎ.ಸಿ., ಗಾಳಿಯ ಸ್ಪ್ರಿಂಗ್ ಎಲ್ಲ ಬೇರೆ. ಕೆಳಗಿನ ಮೋಟಾರ್ ಮಾತ್ರ ಚೂಓ ಲೈನಿನ ಆ ಕಿತ್ತಳೆ ಟ್ರೈನಿನದೇ. 1959ರ ಜುಲೈ 31ರಂದು ಕೊದಾಮಾ ಟ್ರೈನು ಪರೀಕ್ಷೆಯಲ್ಲಿ ಗಂಟೆಗೆ 163 ಕಿ.ಮೀ. ವೇಗದಲ್ಲಿ ಓಡಿತು.

ಅಲ್ಲಿಂದ ಶಿಂಕಾನ್‌ಸೆನ್ನಿಗೆ ಒಂದೇ ಹೆಜ್ಜೆ. 1964ರ ಅಕ್ಟೋಬರ್ 1ರಂದು ಹೊರಟ ಮೊದಲ ಶಿಂಕಾನ್‌ಸೆನ್ ಟ್ರೈನಿಗೆ 12 ಬೋಗಿ, ಹನ್ನೆರಡಕ್ಕೂ ಮೋಟಾರ್, ಎರಡೆರಡು ಬೋಗಿಯ ಜೋಡಿ. ಮೋಟಾರ್ ಒಂದಕ್ಕೆ 185 ಕಿಲೋವ್ಯಾಟ್, ಒಟ್ಟು 8,880. ಚೂಓ ಲೈನಿನ ಟ್ರೈನಿನ ಎರಡು ಪಟ್ಟಿಗಿಂತ ಜಾಸ್ತಿ. ಆದರೆ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಎ.ಸಿ. ಹಾಗಾಗಿ ಸುಮ್ನೆ ಭಾಗಿಸಿ ನೋಡಿದರೆ ಕರೆಂಟ್ ಸುಮಾರು 355 ಆಂಪಿಯರ್. ಎರಡು ಪಟ್ಟು ಶಕ್ತಿ, ಏಳನೇ ಒಂದು ಭಾಗ ಕರೆಂಟ್! ಚೂಓ ಲೈನಿನಲ್ಲಿ ಬಿಟ್ಟುಕೊಡಬೇಕಾಗಿ ಬಂದ ವಿಚಾರವೇ, ತಂತಿ ಮತ್ತು ಸಬ್‌ಸ್ಟೇಷನ್ ಹೊಸದಾಗಿ ಸಿಕ್ಕ ಕೂಡಲೇ, ಪೂರ್ತಿಯಾಗಿ ನಡೆಯಿತು. ಟ್ರೈನು ಸೋಲಲಿಲ್ಲ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಸೊಗೋ ಮತ್ತು ಶಿಮಾ ಇಬ್ಬರೂ ಆ ಹೊತ್ತಿಗೆ ರೈಲ್ವೆಯಲ್ಲಿ ಇರಲಿಲ್ಲ. ಖರ್ಚು ಮಿತಿಮೀರಿದ್ದಕ್ಕೆ 1963ರಲ್ಲೇ ಹೊರಗೆ ಹೋಗಬೇಕಾಯಿತು. ಉದ್ಘಾಟನೆಗೆ ಅವರನ್ನು ಕರೆಯಲೂ ಇಲ್ಲ. ಇದನ್ನು ಹೇಳುವಾಗಲೆಲ್ಲ ನನಗೆ ಬೇಸರವಾಗುತ್ತದೆ.

101ರ ಮುಂದಿನ ವರ್ಷಗಳನ್ನು ಬೇಗ ಮುಗಿಸುತ್ತೇನೆ. ಒಸಾಕಾ ಲೂಪ್ ಲೈನಿನಲ್ಲಿ ಓಡಿತು. 1973ರಲ್ಲಿ ಶುರುವಾದ ಮುಸಾಶಿನೋ ಲೈನಿನಲ್ಲಿ ಉದ್ದುದ್ದ ಸುರಂಗಗಳಿದ್ದವು. ಅಲ್ಲಿಗೆ ಬೆಂಕಿ ಹಿಡಿಯದಂತೆ ಇನ್ನಷ್ಟು ಬದಲಾಯಿಸಿದ ಬೋಗಿಗಳನ್ನು ಕಳಿಸಿದರು. 1979ರಲ್ಲಿ 201 ಸರಣಿ ಬಂತು. ಬ್ರೇಕ್ ಹಾಕಿದಾಗ ಹುಟ್ಟುವ ಕರೆಂಟನ್ನು 101 ತನ್ನ ಕೆಳಗಿನ ರೆಸಿಸ್ಟರಿನಲ್ಲಿ ಬಿಸಿ ಮಾಡಿ ಕಳೆಯುತ್ತಿತ್ತು. 201 ಅದನ್ನು ತಂತಿಗೆ ವಾಪಸ್ ಕೊಡುತ್ತಿತ್ತು. 1985ರಲ್ಲಿ 101 ಚೂಓ ಲೈನನ್ನು ಬಿಟ್ಟಿತು. 1990ರ ದಶಕದ ಮೊದಲಲ್ಲಿ ಒಸಾಕಾದಿಂದಲೂ ಹೋಯಿತು.

ಕೊನೆಗೆ ಉಳಿದದ್ದು ಕವಾಸಾಕಿಯ ಕಾರ್ಖಾನೆಗಳ ನಡುವೆ. ನಾಂಬು ಲೈನಿನ ಒಂದು ಕವಲು, ಷಿತ್ತೆಯಿಂದ ಹಾಮಾ-ಕವಾಸಾಕಿಗೆ, ಬರೀ 4.1 ಕಿ.ಮೀ. ಅಲ್ಲಿ ಎರಡೇ ಬೋಗಿಯ ಟ್ರೈನು. ಜೋಡಿ ಬೋಗಿ ಅಂದೆನಲ್ಲ, ಅದೇ ಒಂದು ಜೋಡಿ. ಅಂದರೆ ಎರಡಕ್ಕೂ ಮೋಟಾರ್! ಯಾವ ಟ್ರೈನಿಗೆ ಎಲ್ಲ ಬೋಗಿಗೂ ಮೋಟಾರ್ ಇರಲಿ ಅಂತ ಆಸೆಪಟ್ಟಿದ್ದರೋ, ಆ ಟ್ರೈನು ತನ್ನ ಕೊನೆಯ ವರ್ಷಗಳಲ್ಲಿ ಹಾಗೆಯೇ ಓಡಿತು. 2003ರಲ್ಲಿ ಅದೂ ನಿಂತಿತು. ಸಾಯ್ತಾಮಾದ ಚಿಚಿಬು ರೈಲ್ವೆ 1986ರಿಂದ ಕೊಂಡುಕೊಂಡು ಮೂರು ಮೂರು ಬೋಗಿ ಮಾಡಿ ಓಡಿಸಿದ ಹನ್ನೆರಡು ಟ್ರೈನುಗಳು ಮಾತ್ರ ಇನ್ನೂ ಹತ್ತು ವರ್ಷ ಬಾಳಿದವು. ಕೆಲವಕ್ಕೆ ಹಳೆಯ ಕಿತ್ತಳೆ, ಹಳದಿ ಬಣ್ಣವನ್ನೇ ಮತ್ತೆ ಬಳಿದಿದ್ದರು. 2014ರ ಮಾರ್ಚಿನಲ್ಲಿ ಕೊನೆಯದು ಓಡಿತು.

ಮಾತು ಮುಗಿದಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

“ಮೊದಲು ಸಬ್‌ಸ್ಟೇಷನ್ ಕಟ್ಟಿ, ಆಮೇಲೆ ಟ್ರೈನು ತರಬಹುದಿತ್ತಲ್ಲ ಸರ್?” ಅಂತ ಒಬ್ಬರು ಕೇಳಿದರು. ಕಾಗದದ ಮೇಲೆ ಅದೇ ಸರಿ. ಆದರೆ ಸಬ್‌ಸ್ಟೇಷನ್ ಅಂದರೆ ಜಾಗ ಬೇಕು, ದೊಡ್ಡ ಹಣ ಬೇಕು, ವರ್ಷಗಳು ಬೇಕು. ಆ ಹೊತ್ತಿಗೆ ಹಳೆಯ ಬೋಗಿಗಳಲ್ಲಿ ಜನ ಉಸಿರುಕಟ್ಟಿ ನಿಂತಿದ್ದರು. ನನ್ನ ಕೇಳಿದರೆ, ಟ್ರೈನು ಮೊದಲು ಬಂದದ್ದೇ ಒಳ್ಳೆಯದಾಯಿತು. ಅಗಲ ಬಾಗಿಲು, ಬೆಂಕಿಗೆ ಹೆದರದ ಕಬ್ಬಿಣದ ಬೋಗಿ, ಚುರುಕಾದ ಬ್ರೇಕ್, ಇವು ಯಾವುದಕ್ಕೂ ಸಬ್‌ಸ್ಟೇಷನ್ ಅಡ್ಡ ಬರಲಿಲ್ಲ. ಇನ್ನೊಂದು ಮಾತು. 1,500 ವೋಲ್ಟ್ ಡಿ.ಸಿ. ಕಷ್ಟ ಜಪಾನಿಗೆ ಮಾತ್ರ ಅಲ್ಲ. ನಮ್ಮ ಎಷ್ಟೋ ಕನ್ನಡಿಗರು ದಿನಾ ಓಡಾಡುವ ಮುಂಬೈ ಲೋಕಲ್ಲೂ ಅದೇ ವೋಲ್ಟೇಜಿನಲ್ಲಿ ಓಡುತ್ತಿತ್ತು. ಹಂತಹಂತವಾಗಿ 25,000 ವೋಲ್ಟಿಗೆ ಬದಲಾಯಿಸಿ ಮುಗಿಸಿದ್ದು 2016ರಲ್ಲಿ.

“ಈಗ ಎಲ್ಲಿ ನೋಡಬಹುದು?” ಟೋಕಿಯೊ ಹತ್ತಿರ ಓಮಿಯಾದಲ್ಲಿ 2007ರಲ್ಲಿ ತೆರೆದ ರೈಲ್ವೆ ಮ್ಯೂಸಿಯಂ ಇದೆ. ಅಲ್ಲಿ ಕುಮೋಹಾ 101-902 ನಿಂತಿದೆ. 1957ರ ಆ ಮೊದಲ ಹತ್ತು ಬೋಗಿಗಳಲ್ಲಿ ಒಂದು. ಹೋದರೆ ಶಿಂಕಾನ್‌ಸೆನ್ ನೋಡುವ ಮೊದಲು ಇದನ್ನು ನೋಡಿ.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು: “ಈಗ ಚೂಓ ಲೈನಿನಲ್ಲಿ ಎಲ್ಲ ಬೋಗಿಗೂ ಮೋಟಾರ್ ಇದೆಯಾ?” ಇಲ್ಲಮ್ಮ. 2006ರಿಂದ ಅಲ್ಲಿ ಓಡುತ್ತಿರುವುದು ಇ233 ಸರಣಿ. ಮೊದಲು 10 ಬೋಗಿ ಇದ್ದದ್ದು, ಎರಡು ಮೇಲ್ದರ್ಜೆ ಬೋಗಿ ಸೇರಿ ಈಗ 12 ಆಗಿದೆ. ಅದರಲ್ಲಿ ಮೋಟಾರ್ ಇರುವುದು ಆರಕ್ಕೆ. ಒಂದೊಂದು 140 ಕಿಲೋವ್ಯಾಟ್, ಒಟ್ಟು 3,360. ಅಂದರೆ 1957ರ ಟ್ರೈನಿಗಿಂತ ಕಡಿಮೆ. ಈಗಿನವು ಎ.ಸಿ. ಮೋಟಾರುಗಳು, ಇನ್ವರ್ಟರಿನಿಂದ ನಡೆಯುತ್ತವೆ. ಬಿಸಿ ತಡೆದುಕೊಳ್ಳುತ್ತವೆ, ಚಕ್ರ ಜಾರಿದರೆ ಕ್ಷಣದಲ್ಲಿ ಸರಿಮಾಡಿಕೊಳ್ಳುತ್ತವೆ. ಹಾಗಾಗಿ ಅಷ್ಟೊಂದು ಮೋಟಾರ್ ಬೇಕಾಗುವುದಿಲ್ಲ. ತಂತಿಯಲ್ಲಿ ಇವತ್ತಿಗೂ ಅದೇ 1,500 ವೋಲ್ಟ್ ಡಿ.ಸಿ. ಒಂದು ಟ್ರೈನು ಬ್ರೇಕ್ ಹಾಕಿದಾಗ ಹುಟ್ಟುವ ಕರೆಂಟನ್ನು, ಹತ್ತಿರದಲ್ಲಿ ಹೊರಡುತ್ತಿರುವ ಇನ್ನೊಂದು ಟ್ರೈನು ಎಳೆದುಕೊಳ್ಳುತ್ತದೆ.